ಕಿವಿಗೊಡದೆ ಕೊಂಡ ಜೀಪುಗಳು

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನನಗೊಂದು ಹಳೆಯ ಜೀಪು ಕೊಳ್ಳುವ ಹುಚ್ಚು ಹತ್ತಿತು. ನಾನಿರುವುದು ಕೊಚ್ಚಿಯ ಹೊರವಲಯದ ಅಂಬಲಮುಗಳಿನಲ್ಲಿ. ರಾತ್ರಿ ಬಾಲ್ಕನಿಯಲ್ಲಿ ನಿಂತರೆ ರಿಫೈನರಿಯ ಬೆಂಕಿ ಕಾಣುತ್ತದೆ. ಕೆಲಸ ಕಾಕ್ಕನಾಡಿನಲ್ಲಿ, ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ಗಡುವಿನೊಳಗೆ ಮುಗಿಸಿಕೊಡುವುದು. ಈ ಬದುಕಿಗೆ ಜೀಪು ಬೇಕಾಗಿಲ್ಲ ಎಂದು ಮನೆಯಲ್ಲಿ ಹೇಳಿದರು, ಸರಿಯಾಗಿಯೇ ಹೇಳಿದರು. ಆದರೆ ಸುಳ್ಯದ ಕಡೆಯ ಒಂದು ಅಡಿಕೆ ತೋಟದಲ್ಲಿ ಬೆಳೆದವನಿಗೆ ಜೀಪು ಬರೀ ವಾಹನವಲ್ಲ. ನಮ್ಮ ಬಾಲ್ಯದಲ್ಲಿ ಗುಡ್ಡದ ಆಚೆ ತಿರುವಿನಲ್ಲಿ ಸದ್ದು ಕೇಳಿದರೆ ಸಾಕು, ಬರುತ್ತಿರುವುದು ಯಾರ ಜೀಪು ಎಂದು ಹೇಳುತ್ತಿದ್ದೆವು.

ಪಕ್ಕದ ಬೀದಿಯಲ್ಲೇ ಒಂದು ಜೀಪು ಮಾರಾಟಕ್ಕಿತ್ತು. 1984ರ ಗಾಡಿ, ಎತ್ತರದ ಬಾನೆಟ್ಟು, ಮೂರು ಗೇರು. ಯಜಮಾನರು ಕೆಲಸದಿಂದ ನಿವೃತ್ತರಾದ ಹಿರಿಯರು. ನೋಡಲು ಹೋಗುವಾಗ ನನಗೆ ಪರಿಚಯದ ಒಬ್ಬ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋದೆ. ಅವರು ಕಾಸರಗೋಡಿನ ಮುಳ್ಳೇರಿಯದವರು, ಇಪ್ಪತ್ತು ವರ್ಷದಿಂದ ಇಲ್ಲಿ ಗ್ಯಾರೇಜು ಇಟ್ಟುಕೊಂಡವರು. ನಮ್ಮಿಬ್ಬರ ಮಾತು ಕನ್ನಡದಲ್ಲಿ, ನಡುವೆ ತುಳು. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದರು, ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

“ಇದು ಬಿಸಿ ಉಂಟಲ್ಲ ಸಾರ್. ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ಇವತ್ತು ಕೇಳಿ ಪ್ರಯೋಜನ ಇಲ್ಲ. ನಾಳೆ ಬೆಳಿಗ್ಗೆ ಬರುವ.”

ಅಷ್ಟು ಹೇಳಿ ಅವರು ಹೊರಟೇಬಿಟ್ಟರು. ಅವರಿಗೆ ಅದೊಂದು ದಿನನಿತ್ಯದ ಮಾತು. ನನಗೆ ಮಾತ್ರ ಆ ರಾತ್ರಿ ಎರಡು ಹಳೆಯ ಕತೆಗಳು ನೆನಪಾದವು. ಒಂದು ದೇಶದ್ದು, ಇನ್ನೊಂದು ನಮ್ಮ ಮನೆಯದು.

ದೇಶದ ಕತೆ 1948ರದು. ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು, ಸೇನೆಗೆ ವಾಹನ ತುರ್ತಾಗಿ ಬೇಕಿತ್ತು. ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದವರು ಕೋಝಿಕ್ಕೋಡಿನ ವಿ.ಕೆ. ಕೃಷ್ಣ ಮೆನನ್. ಮಹಾಯುದ್ಧ ಮುಗಿದು ಮೂರೇ ವರ್ಷವಾಗಿತ್ತು. ಯುರೋಪಿನಲ್ಲಿ ಬಳಸಿ ಬಿಟ್ಟ ಸೇನಾ ಜೀಪುಗಳು ರಾಶಿ ಬಿದ್ದಿದ್ದವು. ಹೊಸದಕ್ಕೆ ಕಾಯುವ ಬದಲು ದುರಸ್ತಿ ಮಾಡಿದ ಹಳೆಯ ಜೀಪುಗಳನ್ನೇ ಕೊಳ್ಳೋಣ ಎಂಬ ಯೋಚನೆಯಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದು ಕೊಂಡ ರೀತಿಯಲ್ಲಿ. ಸುಮಾರು 80 ಲಕ್ಷ ರೂಪಾಯಿಯ ಆ ಒಪ್ಪಂದದಲ್ಲಿ ಮಾಮೂಲಿ ಕ್ರಮಗಳನ್ನು ಬದಿಗಿಡಲಾಯಿತು, ಹಣದ ಬಹುಪಾಲು ಮುಂಗಡವಾಗಿಯೇ ಹೋಯಿತು. ಬಂದಿಳಿದದ್ದು 155 ಜೀಪುಗಳು. ಬಂದವು ಕೂಡ ಕೆಲಸಕ್ಕೆ ಒದಗುವ ಸ್ಥಿತಿಯಲ್ಲಿಲ್ಲ ಎಂಬ ಆಕ್ಷೇಪ ಎದ್ದಿತು.

ಸಂಸತ್ತಿನಲ್ಲಿ ಗದ್ದಲವಾಯಿತು. ಅನಂತಶಯನಂ ಅಯ್ಯಂಗಾರರ ನೇತೃತ್ವದ ಸಮಿತಿ ವಿಚಾರಣೆ ನಡೆಸಿತು. ಕೊನೆಗೆ 1955ರ ಸೆಪ್ಟೆಂಬರ್ 30ರಂದು ಗೃಹಸಚಿವ ಗೋವಿಂದ ವಲ್ಲಭ ಪಂತರು ಸರಕಾರದ ಮಟ್ಟಿಗೆ ಈ ಪ್ರಕರಣ ಮುಗಿದಿದೆ ಎಂದು ಸಾರಿದರು. ನ್ಯಾಯಾಂಗ ವಿಚಾರಣೆ ನಡೆಯಲಿಲ್ಲ. 1956ರ ಫೆಬ್ರವರಿಯಲ್ಲಿ ಮೆನನ್ ಕೇಂದ್ರ ಸಂಪುಟ ಸೇರಿದರು. 1971ರಲ್ಲಿ ಇದೇ ಕೇರಳದ ತಿರುವನಂತಪುರದಿಂದ ಗೆದ್ದು ಲೋಕಸಭೆಗೆ ಹೋದರು, 1974ರಲ್ಲಿ ತೀರಿಕೊಂಡಾಗಲೂ ಅಲ್ಲಿನ ಸಂಸದರೇ ಆಗಿದ್ದರು. ಅವರು ಸ್ವಂತಕ್ಕೆ ಹಣ ಮಾಡಿಕೊಂಡರು ಎಂಬುದನ್ನು ಯಾವ ನ್ಯಾಯಾಲಯವೂ ಹೇಳಿಲ್ಲ, ನಾನೂ ಹೇಳುವುದಿಲ್ಲ.

ಸ್ವತಂತ್ರ ಭಾರತದ ಮೊದಲ ಹಗರಣ ಎಂದು ಇದನ್ನು ಪರೀಕ್ಷೆಗೆ ಓದಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಾವು ಅದನ್ನು ರಾಜಕೀಯದ ಕತೆಯಾಗಿ ಓದುತ್ತೇವೆ. ಗ್ಯಾರೇಜಿನ ಕಡೆಯಿಂದ ನೋಡಿದರೆ ಅದು ಬಹಳ ಸರಳವಾದ ಕತೆ: ಬಳಸಿದ ಗಾಡಿಗೆ, ಎಂಜಿನ್ನಿನ ಸದ್ದು ಕೇಳುವ ಮೊದಲೇ ದುಡ್ಡು ಕೊಡಲಾಯಿತು. ನಮ್ಮ ವೃತ್ತಿಯಲ್ಲಿ ಗ್ರಾಹಕ ಪರೀಕ್ಷಿಸಿ ಒಪ್ಪಿದ ಮೇಲೆಯೇ ಕೊನೆಯ ಬಿಲ್ಲು. ಗಡುವಿನ ಒತ್ತಡ ಬಂದಾಗ ಮೊದಲು ಕತ್ತರಿ ಬೀಳುವುದು ಆ ಪರೀಕ್ಷೆಗೇ ಎಂಬುದನ್ನೂ ನಾನು ಇಪ್ಪತ್ತು ವರ್ಷದಿಂದ ನೋಡಿದ್ದೇನೆ.

ಆದರೆ ಕೇಳಿದ್ದರೂ ಏನು ಕೇಳಬೇಕಿತ್ತು? ಹಳೆಯ ಜೀಪು ಎಂದರೆ ಸದ್ದಿನ ಮೂಟೆ. ಅದರಲ್ಲಿ ಯಾವುದು ಹುಟ್ಟಿನ ದನಿ, ಯಾವುದು ಕಾಯಿಲೆಯ ದನಿ ಎಂದು ಬೇರ್ಪಡಿಸಲು ಜೀಪು ಹುಟ್ಟಿದ ರೀತಿ ಗೊತ್ತಿರಬೇಕು.

ಜೀಪು ಅವಸರದ ಕೂಸು. 1940ರಲ್ಲಿ ಅಮೆರಿಕದ ಸೇನೆ ಕೆಲವೇ ವಾರಗಳ ಗಡುವು ಕೊಟ್ಟು ಒಂದು ಹಗುರವಾದ ನಾಲ್ಕು ಚಕ್ರ ಚಾಲನೆಯ ಗಾಡಿ ಕೇಳಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿಗಾಗಿ ಕಾರ್ಲ್ ಪ್ರಾಬ್ಸ್ಟ್ ವಿನ್ಯಾಸ ಮಾಡಿದ ಮೊದಲ ಮಾದರಿ ಆ ವರ್ಷದ ಸೆಪ್ಟೆಂಬರ್ 23ರಂದು ಸೇನೆಯ ಕೈಸೇರಿತು. ದೊಡ್ಡ ಪ್ರಮಾಣದ ತಯಾರಿಕೆ ಮಾತ್ರ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಯುದ್ಧ ಮುಗಿಯುವಷ್ಟರಲ್ಲಿ ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು. ಗಟ್ಟಿಯಾಗಿರಬೇಕು, ಎಲ್ಲಿ ಬೇಕಾದರೂ ಬಿಚ್ಚಿ ಜೋಡಿಸುವಂತಿರಬೇಕು. ಮೌನವಾಗಿರಬೇಕು ಎಂದು ಯಾರೂ ಕೇಳಿರಲಿಲ್ಲ.

ಆ ಕಾಲದ ವಿನ್ಯಾಸದಲ್ಲಿ ಗೇರುಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇದೆ. ಶಕ್ತಿಯನ್ನು ಹಿಂದಿನ ಮತ್ತು ಮುಂದಿನ ಚಕ್ರಗಳಿಗೆ ಹಂಚುವುದು ಅದರ ಕೆಲಸ. ಜೀಪಿನಲ್ಲಿ ಪ್ರೊಪೆಲ್ಲರ್ ಶಾಫ್ಟುಗಳು ಗೇರುಬಾಕ್ಸಿನ ನೇರಕ್ಕಿಲ್ಲ, ಒಂದು ಬದಿಗೆ ಸರಿದಿವೆ. ಹಾಗಾಗಿ ಹಿಂದಿನ ಎರಡೇ ಚಕ್ರಕ್ಕೆ ಹೋಗುವ ಶಕ್ತಿಯೂ ಗೇರುಗಳನ್ನು ದಾಟಿಯೇ ಹೋಗಬೇಕು. ಜೀಪಿನಲ್ಲಿ ಕೂತಾಗ ಕಾಲಬುಡದಿಂದ ಬರುವ “ಊಂ…” ಎಂಬ ನಿರಂತರ ಕೊರಗು ಇದೇ. ಅದು ಹುಟ್ಟಿನ ದನಿ. ಮೊದಲ ಗೇರಿನಲ್ಲಿ ಮತ್ತು ರಿವರ್ಸಿನಲ್ಲಿ ಏಳುವ ಊಳೂ ಹಾಗೆಯೇ. ಅದಕ್ಕೆ ಹೆದರಿ ಒಳ್ಳೆಯ ಗಾಡಿ ಬಿಟ್ಟವರಿದ್ದಾರೆ. ಆ ಕೊರಗು ಒರಟಾಗಿ “ಗರಗರ” ಎಂದಾಗ ಮಾತ್ರ ಬೇರಿಂಗ್ ಹೋಗಿದೆ ಎಂದು ತಿಳಿಯಬೇಕು.

ಭಾರತಕ್ಕೆ ಬಂದ ಮೇಲೆ ಜೀಪಿನ ದನಿ ಎರಡು ಸಲ ಬದಲಾಯಿತು. 1945ರಲ್ಲಿ ಮಹೀಂದ್ರಾ ಎಂಡ್ ಮೊಹಮ್ಮದ್ ಎಂದು ಶುರುವಾದ ಸಂಸ್ಥೆ, ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾಗಿ ಹೋದ ಮೇಲೆ, 1948ರಲ್ಲಿ ಮಹೀಂದ್ರಾ ಎಂಡ್ ಮಹೀಂದ್ರಾ ಆಯಿತು. ಬಿಡಿಭಾಗಗಳಾಗಿ ಬಂದ ವಿಲ್ಲಿಸ್ ಜೀಪುಗಳನ್ನು ಅವರು ಮುಂಬೈಯ ಮಜಗಾಂವ್‌ನಲ್ಲಿ ಜೋಡಿಸಿದರು. 1953ರಲ್ಲಿ ಅಮೆರಿಕದಲ್ಲಿ ಬಂದ ಸಿಜೆ3ಬಿ ಮಾದರಿಗೆ ಎತ್ತರದ ಪೆಟ್ರೋಲ್ ಎಂಜಿನ್ ಹಾಕಿದ್ದರು. ಬಾನೆಟ್ಟು ಎತ್ತರವಾದದ್ದು ಅದಕ್ಕೇ. ಅಮೆರಿಕದಲ್ಲಿ ಅದು 1968ಕ್ಕೆ ನಿಂತಿತು, ನಮ್ಮಲ್ಲಿ ದಶಕಗಳ ಕಾಲ ಮುಂದುವರಿಯಿತು. ಮಲೆನಾಡಿನ, ಕೊಡಗಿನ, ಇಡುಕ್ಕಿಯ ಎಸ್ಟೇಟುಗಳ ಜೀಪು ಎಂದರೆ ನಮ್ಮ ಕಣ್ಣಿಗೆ ಬರುವ ರೂಪ ಅದೇ.

ಎರಡನೆಯ ಬದಲಾವಣೆ ಡೀಸೆಲ್. 1973ರ ತೈಲ ಬಿಕ್ಕಟ್ಟಿನ ಬಳಿಕ ಪೆಟ್ರೋಲ್ ಜೀಪು ಸಾಕುವುದು ಕಷ್ಟವಾಯಿತು. 1979ರಲ್ಲಿ ಮಹೀಂದ್ರಾ ಫ್ರಾನ್ಸಿನ ಪ್ಯೂಜೊ ಕಂಪನಿಯ ಡೀಸೆಲ್ ಎಂಜಿನ್ನಿಗೆ ಪರವಾನಗಿ ಪಡೆಯಿತು. ಆಮೇಲೆ ಗ್ಯಾರೇಜು ಗ್ಯಾರೇಜಿನಲ್ಲಿ ಪೆಟ್ರೋಲ್ ಜೀಪುಗಳ ಹೊಟ್ಟೆಗೆ ಡೀಸೆಲ್ ಎಂಜಿನ್ ಕೂರಿಸಿದರು. ಹೀಗಾಗಿ ಇವತ್ತು ಹಳೆಯ ಜೀಪಿನ ಹುಟ್ಟಿದ ವರ್ಷವೇ ಬೇರೆ, ಎಂಜಿನ್ನಿನ ವಯಸ್ಸೇ ಬೇರೆ. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಬಾನೆಟ್ಟಿನ ಕೆಳಗೆ ಟಕಟಕ ಎನ್ನುತ್ತಿದ್ದರೆ ಮೆಕ್ಯಾನಿಕ್ಕಿನ ಮೊದಲು ಆರ್‌ಟಿಒ ಕಚೇರಿಗೆ ಹೋಗಬೇಕು. ಪ್ಯೂಜೊ ಎಂಜಿನ್ನಿನ ಟಕಟಕ ಸ್ವಲ್ಪ ಮೆತ್ತಗೆ. ಆಮೇಲೆ ಬಂದ, ಡೀಸೆಲ್ಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಎಂಜಿನ್ನುಗಳದ್ದು ಕಲ್ಲು ಕುಟ್ಟಿದಂತೆ. ಎರಡೂ ಸಹಜವೇ.

ಮರುದಿನ ಬೆಳಿಗ್ಗೆ ಆರೂವರೆಗೆ ಹೋದೆವು. ಬಾನೆಟ್ಟು ತಣ್ಣಗಿತ್ತು. ಮೆಕ್ಯಾನಿಕ್ ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲನ್ನು ಬೆರಳಿಗೆ ಹಚ್ಚಿ ನೋಡಿದರು. ಹೊಸದು, ಜೇನಿನಂತೆ ದಪ್ಪ. “ದಪ್ಪ ಆಯಿಲ್ ಹಾಕಿದರೆ ಒಳಗಿನ ಬಡಿತ ಹೊರಗೆ ಕೇಳುವುದಿಲ್ಲ ಸಾರ್. ನೆನಪಿಟ್ಟುಕೊಳ್ಳಿ” ಎಂದರು.

ಸ್ಟಾರ್ಟ್ ಮಾಡಿದ ಮೊದಲ ಮೂರು ಸೆಕೆಂಡು “ಗಡಗಡಗಡ” ಎಂದಿತು, ಆಮೇಲೆ ತಣ್ಣಗಾಯಿತು. ಆಯಿಲ್ ಒತ್ತಡ ಏರುವ ತನಕ ಸವೆದ ಬೇರಿಂಗಿನ ಸಂದಿನಲ್ಲಿ ಲೋಹಕ್ಕೆ ಲೋಹ ಬಡಿಯುವ ಸದ್ದು ಅದು. ಎಂಜಿನ್ ಮೊದಲೇ ಬಿಸಿಯಾಗಿದ್ದರೆ ಆ ಮೂರು ಸೆಕೆಂಡು ನಮಗೆ ಸಿಗುವುದೇ ಇಲ್ಲ. ಜೊತೆಗೆ ಇನ್ನೊಂದು ತೆಳುವಾದ ಟಪ್ ಟಪ್ ಇತ್ತು. ಅದು ಐದು ನಿಮಿಷದಲ್ಲಿ ಕರಗಿತು. ಪಿಸ್ಟನ್ ಬಿಸಿಯಾಗಿ ಹಿಗ್ಗಿ ಸಿಲಿಂಡರಿನಲ್ಲಿ ಸರಿಯಾಗಿ ಕೂತಿತು ಎಂದರ್ಥ. ವಯಸ್ಸಾದ ಎಂಜಿನ್ನಿಗೆ ಅದು ದೊಡ್ಡ ದೋಷವಲ್ಲ.

ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ಒತ್ತಿ ಬಿಟ್ಟು ನೋಡಿದೆವು. ಒತ್ತಿದಾಗ ಮಾತ್ರ ಸದ್ದು ಬಂದರೆ ಕ್ಲಚ್ ಬೇರಿಂಗ್, ಬಿಟ್ಟಾಗ ಬಂದು ಒತ್ತಿದಾಗ ನಿಂತರೆ ಗೇರುಬಾಕ್ಸಿನ ಬೇರಿಂಗ್. ಎರಡೂ ಇರಲಿಲ್ಲ. ಹೊರಡುವಾಗ ಅಡಿಯಲ್ಲಿ “ಟಣ್” ಎಂದಿತು, ರಿವರ್ಸಿಗೆ ಹಾಕಿದಾಗ ಮತ್ತೊಮ್ಮೆ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿದೆ, ಸಣ್ಣ ಖರ್ಚಿನ ಕೆಲಸ. ಉದ್ದದ ಕಾಂಪೌಂಡ್ ಗೋಡೆಯ ಪಕ್ಕ ನಿಧಾನವಾಗಿ ಓಡಿಸಿದರು, ಗೋಡೆಗೆ ಬಡಿದ ಸದ್ದು ನಮ್ಮ ಕಿವಿಗೇ ಮರಳುತ್ತಿತ್ತು. ತಿರುವಿನಲ್ಲಿ ಚಕ್ರದ ಗುಂಯ್‌ಗುಡುವಿಕೆ ಹೆಚ್ಚಾಗುತ್ತದೆಯೇ ಎಂದು ಕೇಳಿಸಿಕೊಂಡರು. ಎಡಕ್ಕೆ ತಿರುಗಿಸಿದಾಗ ಹೆಚ್ಚಾದರೆ ಭಾರ ಬೀಳುವ ಬಲಚಕ್ರದ ಬೇರಿಂಗಿನ ಮೇಲೆ ಅನುಮಾನ. ಆಕ್ಸಿಲರೇಟರ್ ಒತ್ತಿದಾಗ ಒಂದು ದನಿ, ಬಿಟ್ಟಾಗ ಇನ್ನೊಂದು ದನಿ ಬಂದರೆ ಹಿಂದಿನ ಹೌಸಿಂಗಿನೊಳಗಿನ ಕ್ರೌನ್-ಪಿನಿಯನ್. ಅದೂ ಸರಿಯಿತ್ತು. ಸ್ಪ್ರಿಂಗ್ ಪಟ್ಟಿಗಳ ಕಿರಕಿರ ಮಾತ್ರ ಎಲ್ಲಕ್ಕಿಂತ ಜೋರಾಗಿ ಕೇಳುತ್ತಿತ್ತು. ನನ್ನ ಗಮನ ಪದೇಪದೇ ಅತ್ತಲೇ ಹೋಗುತ್ತಿತ್ತು. “ಅದು ಬುಶ್ಶು ಸಾರ್, ಬಿಡಿ. ಹೆಚ್ಚು ಕೂಗುವುದು ಹೆಚ್ಚು ಹಾಳಾದದ್ದಲ್ಲ” ಎಂದರು.

ಏರುದಾರಿಯಲ್ಲಿ ಅರ್ಧ ಗಂಟೆ ಓಡಿಸಿ ಎಂಜಿನ್ ಚೆನ್ನಾಗಿ ಕಾದ ಮೇಲೆ ನಿಲ್ಲಿಸಿ ಐಡಲ್‌ನಲ್ಲಿಟ್ಟೆವು. ಈಗ ದಪ್ಪ ಆಯಿಲೂ ತೆಳುವಾಗಿತ್ತು. ಟಕಟಕದ ಅಡಿಯಲ್ಲಿ ಒಂದು ಭಾರದ “ಡಬ್… ಡಬ್” ಇದೆಯೋ ಇಲ್ಲವೋ ಎಂಬಂತಿತ್ತು. ನಾನು ಎಂಟೆಕ್‌ನಲ್ಲಿ ಕಂಪನಗಳ ವಿಶ್ಲೇಷಣೆ ಓದಿದವನು. ಫೋನಿನಲ್ಲಿ ಸದ್ದಿನ ಗ್ರಾಫ್ ತೆಗೆದೆ. ಎಲ್ಲವೂ ಬೆರೆತ ಗದ್ದಲವಷ್ಟೇ ಕಂಡಿತು. ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿದರು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೆ ಹಿಡಿದು ಕೇಳಿದ್ದೂ ಇದೇ ಉಪಾಯ: ಸುತ್ತಲಿನ ಗದ್ದಲ ಬಿಟ್ಟು ಒಂದೇ ಜಾಗದ ಮಾತು ಕೇಳುವುದು. ಆಮೇಲೆ ಇಂಜೆಕ್ಟರ್ ಪೈಪುಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿದರು. ಮೂರನೆಯದನ್ನು ಸಡಿಲಿಸಿ ಆ ಸಿಲಿಂಡರು ಉರಿಯುವುದನ್ನು ನಿಲ್ಲಿಸಿದಾಗ ಡಬ್ ಸದ್ದು ತಗ್ಗಿತು. ಅಲ್ಲಿನ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿತ್ತು.

ಆ ಸದ್ದು ನನಗೆ ಹೊಸದಲ್ಲ. 1994ರಲ್ಲಿ ಅಪ್ಪ ಒಂದು ಹಳೆಯ ಜೀಪು ಕೊಂಡಿದ್ದರು. ಅದನ್ನು ತಂದ ದಲ್ಲಾಳಿ ನಮ್ಮ ಅಂಗಳದಲ್ಲಿ ಎಂಜಿನ್ ಆಫ್ ಮಾಡಲೇ ಇಲ್ಲ. ಚಹಾ ಕುಡಿದು ಮಾತುಕತೆ ಮುಗಿಯುವ ತನಕ ಅದು ಓಡುತ್ತಲೇ ಇತ್ತು. “ನೋಡಿ ಭಟ್ರೇ, ಎಷ್ಟು ಹದವಾಗಿ ನಿಂತಿದೆ” ಎಂದ. ಅಪ್ಪ ಅಡಿಕೆ ಮಾರಿದ ದುಡ್ಡು ಎಣಿಸಿ ಕೊಟ್ಟರು. ಎರಡು ತಿಂಗಳಲ್ಲಿ, ಮೂಟೆ ಹೇರಿಕೊಂಡು ಏರು ಹತ್ತುವಾಗ ರಾಡು ಮುರಿದು ಬ್ಲಾಕನ್ನೇ ಒಡೆಯಿತು. ಆ ವರ್ಷ ಅಮ್ಮನ ಬಳೆ ಬ್ಯಾಂಕಿಗೆ ಹೋಯಿತು. ಜೀಪು ಗುಜರಿಗೆ ಹೋಯಿತು. ಅಪ್ಪ ಮತ್ತೆ ಮೂರು ಮೈಲಿ ನಡೆದು ಬಸ್ಸು ಹಿಡಿದರು. ಆ ಮುಂಜಾನೆಗಳ “ಡಬ್ ಡಬ್” ನಾನೂ ಕೇಳಿದ್ದೆ. ಜೀಪು ಎಂದರೆ ಹೀಗೆಯೇ ಇರಬೇಕು ಎಂದುಕೊಂಡಿದ್ದೆ.

ಸರಕಾರಕ್ಕೆ 80 ಲಕ್ಷ ದೊಡ್ಡದಿರಬಹುದು, ಚಿಕ್ಕದಿರಬಹುದು. ಅಪ್ಪನಿಗೆ ಆ ಜೀಪು ಒಂದು ವರ್ಷದ ಫಸಲು. ಎರಡೂ ಕಡೆ ಕೊಳ್ಳುವವರಿಗೆ ಅವಸರವಿತ್ತು, ಮಾರುವವನು ಆ ಅವಸರವನ್ನು ಬಳಸಿಕೊಂಡ. ಇನ್ನೊಂದು ಬೆಳಿಗ್ಗೆ ಬರುತ್ತೇನೆ ಎಂದು ಹೇಳುವವರು ಯಾರೂ ಜೊತೆಗಿರಲಿಲ್ಲ.

ಹಿರಿಯರಿಗೆ ವಿಷಯ ಹೇಳಿದೆವು. ಅವರು ಗಾಬರಿಯಾದರು. ನಮಗೆ ಕಾಯುವ ತೊಂದರೆ ಬೇಡವೆಂದು ಮೊದಲೇ ಸ್ಟಾರ್ಟ್ ಮಾಡಿದ್ದರಂತೆ. ಆಯಿಲನ್ನು ಯಾರೋ ಹಾಕಿಕೊಟ್ಟಿದ್ದರಂತೆ. ನಂಬಿದೆ. ಬೆಲೆಯಲ್ಲಿ ಕ್ರ್ಯಾಂಕ್ ಶಾಫ್ಟ್ ಗ್ರೈಂಡ್ ಮಾಡಿಸಿ ಹೊಸ ಬೇರಿಂಗ್ ಹಾಕಿಸುವಷ್ಟು ಕಡಿಮೆಯಾಯಿತು. ಹತ್ತು ಸಾವಿರ ಮುಂಗಡ ಕೊಟ್ಟೆ. ಬಾಕಿ ಹಣ, ಕೆಲಸ ಮುಗಿದ ಮೇಲೆ ಒಮ್ಮೆ ತಣ್ಣಗಿರುವಾಗ, ಒಮ್ಮೆ ಏರು ಹತ್ತಿಸಿ ಕಾದಿರುವಾಗ ಕೇಳಿದ ನಂತರ.

ಸಂಜೆ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಮೆಕ್ಯಾನಿಕ್ ಎಲ್ಲಿಯವರು ಎಂದು ಕೇಳಿದರು. ಮುಳ್ಳೇರಿಯ ಎಂದೆ. ಊರಿಗೆ ಬರುವಾಗ ಒಮ್ಮೆ ಮನೆಗೆ ಕರೆದುಕೊಂಡು ಬಾ, ಊಟ ಮಾಡಿ ಹೋಗಲಿ ಎಂದರು.