ಶಿವಮೊಗ್ಗೆಯಲ್ಲಿ ಹುಟ್ಟಿದ ಡಾಕ್ಟರಮ್ಮ, ಮುಂಬೈಯ ಯಹೂದಿ ಟೀಚರಮ್ಮ

ಸೆಂಟ್ರಲ್ ಲೈನಿನಲ್ಲಿ ಓಡಾಡುವ ಮುಂಬೈ ಕನ್ನಡತಿಯರಿಗೆ ಮಸ್ಜಿದ್ ಸ್ಟೇಷನ್ ಗೊತ್ತಿಲ್ಲದೆ ಇರಲಾರದು. ಸಿ.ಎಸ್.ಎಂ.ಟಿ. ಬಿಟ್ಟ ಮೇಲೆ ಮೊದಲು ಸಿಗುವ ನಿಲ್ದಾಣ ಅದು. ಹತ್ತಿರದ ಯಾವುದೋ ಮಸೀದಿಯಿಂದ ಆ ಹೆಸರು ಬಂದಿರಬೇಕು ಎಂದುಕೊಳ್ಳುವವರೇ ಹೆಚ್ಚು. ಆದರೆ ಅದರ ಮೂಲ ಯಹೂದಿಗಳ ಪ್ರಾರ್ಥನಾ ಮಂದಿರ ಎನ್ನುತ್ತಾರೆ ಮುಂಬೈ ಇತಿಹಾಸ ಬಲ್ಲವರು. 1796ರಲ್ಲಿ ಸಾಮ್ಯುಯೆಲ್ ದಿವೇಕರ್ ಎಂಬವರು ಕಟ್ಟಿಸಿದ ಆ ಮಂದಿರದ ಹೆಸರಿನ ಅರ್ಥ ‘ದಯೆಯ ಬಾಗಿಲು’. ಸುತ್ತಲಿನ ಜನ ಅದನ್ನು ‘ಜೂನಿ ಮಸ್ಜಿದ್’, ಅಂದರೆ ಹಳೆಯ ಮಸೀದಿ ಎಂದು ಕರೆದರು.

ಈ ದಿವೇಕರರ ಕಥೆಗೆ ನಮ್ಮ ನಾಡಿನ ನಂಟೂ ಇದೆ. ಕಂಪನಿಯ ಸೈನ್ಯದಲ್ಲಿದ್ದ ಅವರು ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳಾಗಿದ್ದರು. ಜೀವಂತ ಬಿಡುಗಡೆಯಾದರೆ ಮುಂಬೈಯಲ್ಲಿ ದೇವರಿಗೊಂದು ಮನೆ ಕಟ್ಟಿಸುತ್ತೇನೆಂದು ಹರಕೆ ಹೊತ್ತಿದ್ದರು ಎಂಬುದು ಅವರ ಸಮುದಾಯದವರ ನೆನಪು.

ಆ ಸಮುದಾಯದ ಹೆಸರು ಬೆನೆ ಇಸ್ರೇಲ್. ಅಲಿಬಾಗ್ ಬಳಿಯ ನವಗಾಂವ್ ಕಡಲ ತೀರದಲ್ಲಿ ಹಡಗೊಡೆದು, ಬದುಕುಳಿದ ಏಳು ಜೋಡಿಗಳಿಂದ ತಮ್ಮ ಕುಲ ಬೆಳೆಯಿತೆಂದು ಅವರು ಹೇಳುತ್ತಾರೆ. ಕೊಂಕಣದ ಹಳ್ಳಿಗಳಲ್ಲಿ ಗಾಣ ಆಡಿಸಿ ಎಣ್ಣೆ ತೆಗೆಯುವುದು ಅವರ ಕಸುಬಾಗಿತ್ತು. ಶನಿವಾರ ಮಾತ್ರ ಗಾಣ ನಿಲ್ಲುತ್ತಿತ್ತು, ಏಕೆಂದರೆ ಅದು ಯಹೂದಿಗಳ ವಿಶ್ರಾಂತಿಯ ದಿನ. ಹಾಗಾಗಿ ಊರವರು ಅವರನ್ನು ‘ಶನಿವಾರ ತೇಲಿ’ ಎಂದರು. ಮನೆಮಾತು ಮರಾಠಿ, ಹೆಂಗಸರ ಉಡುಗೆ ಸೀರೆ. 1874ರಲ್ಲಿ ಪುಣೆಯಲ್ಲಿ ಅಚ್ಚಾದ ಅವರ ಪಾಸ್‌ಓವರ್ ಹಬ್ಬದ ಪುಸ್ತಕದಲ್ಲಿ ಹೀಬ್ರೂ ಜೊತೆಗೆ ಮರಾಠಿಯೂ ಇದೆ. ಹುಳಿ ಬರಿಸದ ರೊಟ್ಟಿ ಮಾಡುತ್ತಿರುವ ಸೀರೆಯುಟ್ಟ ಹೆಂಗಸರ ಚಿತ್ರವೂ ಇದೆ.

ಈ ಹಬ್ಬದ ವಿಷಯ ಸುಮ್ಮನೆ ಹೇಳುತ್ತಿಲ್ಲ. ಆ ರಾತ್ರಿ ಮನೆಯ ಅತಿ ಚಿಕ್ಕ ಮಗು ಹಿರಿಯರಿಗೆ ಪ್ರಶ್ನೆ ಕೇಳಬೇಕು. ಉತ್ತರವಾಗಿ ಹಿರಿಯರು, ಈಜಿಪ್ಟಿನಲ್ಲಿ ಗುಲಾಮರಾಗಿದ್ದ ತಮ್ಮ ಪೂರ್ವಜರು ಬಿಡುಗಡೆಯಾದ ಕಥೆ ಹೇಳಬೇಕು. ಮಗುವಿನ ಪ್ರಶ್ನೆಯಿಂದಲೇ ಆ ಕಥೆ ಶುರುವಾಗುತ್ತದೆ. ಇನ್ನೊಂದು ಮಾತು: ನಾವು ‘ದಾನ’ ಎನ್ನುವುದಕ್ಕೆ ಅವರ ಹೀಬ್ರೂ ಪದ ‘ತ್ಸೆದಾಕಾ’. ಅದರ ಧಾತುವಿನ ಅರ್ಥ ನ್ಯಾಯ. ಇಲ್ಲದವರಿಗೆ ಕೊಡುವುದು ದೊಡ್ಡತನವಲ್ಲ, ಸಲ್ಲಬೇಕಾದ್ದನ್ನು ಸಲ್ಲಿಸುವುದು ಎಂಬ ಭಾವ ಅದರಲ್ಲಿದೆ. ಓದು ಮತ್ತು ನ್ಯಾಯ ಎರಡೂ ಹೀಗೆ ಮನೆಯೊಳಗಿನಿಂದಲೇ ಶುರುವಾಗುತ್ತವೆ.

ಆದರೆ ಹಳ್ಳಿಯಿಂದ ಮುಂಬೈಗೆ ಬಂದು ಸಣ್ಣಪುಟ್ಟ ನೌಕರಿ ಹಿಡಿದವರ ಮಕ್ಕಳಿಗೆ ಶಾಲೆ ಎಲ್ಲಿತ್ತು? ಈ ಕೊರತೆ ತುಂಬಲು ಹಾಯಿಮ್ ಸಾಮ್ಯುಯೆಲ್ ಕೆಹಿಮ್ಕರ್ ಎಂಬ ಮಹನೀಯರು ಮುಂದೆ ನಿಂತು, 1875ರಲ್ಲಿ ಸಮುದಾಯಕ್ಕೊಂದು ಶಾಲೆ ತೆರೆದರು. ಮರಾಠಿ, ಇಂಗ್ಲಿಷ್, ಹೀಬ್ರೂ ಮೂರನ್ನೂ ಕಲಿಸಿದ ಈ ‘ಇಸ್ರೇಲೈಟ್ ಶಾಲೆ’ಯೇ ಮುಂದೆ ದಾನಿಯೊಬ್ಬರ ಹೆಸರಿನಲ್ಲಿ ಸರ್ ಎಲಿ ಕದೂರಿ ಹೈಸ್ಕೂಲ್ ಆಯಿತು.

ಈ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ 1922ರಲ್ಲಿ ಬಂದವರು ರೆಬೆಕಾ ರೂಬೆನ್. ಪುಣೆಯ ಹುಜೂರಪಾಗಾ ಹೆಣ್ಣುಮಕ್ಕಳ ಶಾಲೆಯ ವಿದ್ಯಾರ್ಥಿನಿ. ನ್ಯಾಯಮೂರ್ತಿ ರಾನಡೆ ಮೊದಲಾದವರ ಪ್ರಯತ್ನದಿಂದ 1884ರಲ್ಲಿ ಆರಂಭವಾದ ಆ ಶಾಲೆಯ ಹೆಸರನ್ನು ಪುಣೆಯ ನಮ್ಮ ಸದಸ್ಯೆಯರು ಕೇಳಿಯೇ ಇರುತ್ತೀರಿ. ರೆಬೆಕಾ 1905ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲಿಗರಾದರು. ಹುಡುಗಿಯೊಬ್ಬಳು ಹುಡುಗರನ್ನೆಲ್ಲ ಹಿಂದಿಕ್ಕಿದ್ದು ಆ ಕಾಲಕ್ಕೆ ದೊಡ್ಡ ಸುದ್ದಿ. ಇಷ್ಟು ಓದಿದವರು ಬೇಕಾದ ಕಡೆ ಹೋಗಬಹುದಿತ್ತು. ಅವರು ಆರಿಸಿಕೊಂಡದ್ದು ತಮ್ಮ ಬಡ ಸಮುದಾಯದ ಶಾಲೆಯನ್ನು. 1950ರವರೆಗೆ, ಹತ್ತಿರ ಹತ್ತಿರ ಮೂವತ್ತು ವರ್ಷ, ಅಲ್ಲೇ ದುಡಿದರು. ಅದಕ್ಕೂ ಮೊದಲೇ ಸಮುದಾಯದ ವಾರ್ಷಿಕ ಪುಸ್ತಕವೊಂದನ್ನು ಸಂಪಾದಿಸಿ, ತಮ್ಮವರ ಸ್ಥಿತಿಗತಿಯನ್ನು ತಮ್ಮವರ ಮುಂದೆಯೇ ಇಟ್ಟಿದ್ದರು.

ಅದೇ ಹುಜೂರಪಾಗಾದಲ್ಲಿ ಓದಿದ ಇನ್ನೊಬ್ಬ ಹುಡುಗಿ ಜೆರುಷಾ ಝಿರಾದ್. ಹುಟ್ಟಿದ್ದು 1890ರಲ್ಲಿ, ನಮ್ಮ ಶಿವಮೊಗ್ಗೆಯಲ್ಲಿ! ಬಾಲ್ಯದಲ್ಲಿ ಅಕ್ಕ ಕಾಯಿಲೆ ಬಿದ್ದು ಮುಂಬೈಯ ಕಾಮಾ ಆಸ್ಪತ್ರೆಯಲ್ಲಿ ಗುಣವಾದಾಗ, ತಾನೂ ಡಾಕ್ಟರಾಗಬೇಕೆಂಬ ಹಟ ಈ ಹುಡುಗಿಗೆ ಹುಟ್ಟಿತು. ಗಂಡಸು ಡಾಕ್ಟರರ ಬಳಿ ಹೋಗಲಾರದೆ ಮನೆಯಲ್ಲೇ ಪ್ರಾಣ ಬಿಡುತ್ತಿದ್ದ ಹೆಂಗಸರಿಗಾಗಿ 1886ರಲ್ಲಿ ತೆರೆದ ಆಸ್ಪತ್ರೆ ಅದು; ಅಲ್ಲಿ ಮಹಿಳೆಯರೇ ವೈದ್ಯರು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಓದು ಮುಗಿಸಿದ ಜೆರುಷಾ ಲಂಡನ್ನಿಗೆ ಹೋದರು. ಹೆರಿಗೆ ಮತ್ತು ಸ್ತ್ರೀರೋಗ ಶಾಸ್ತ್ರದ ಉನ್ನತ ಓದಿಗೆ ಭಾರತ ಸರ್ಕಾರದ ವಿದ್ಯಾರ್ಥಿವೇತನ ಪಡೆದ ಮೊದಲ ಭಾರತೀಯ ಮಹಿಳೆ ಎನಿಸಿ, 1919ರಲ್ಲಿ ಎಂ.ಡಿ. ಪದವಿ ಪಡೆದರು.

ಮರಳಿ ಬಂದ ಮೇಲೆ ದೆಹಲಿಯ ಲೇಡಿ ಹಾರ್ಡಿಂಜ್ ಸಂಸ್ಥೆಯಲ್ಲೂ ನಮ್ಮ ಬೆಂಗಳೂರಿನ ಹೆರಿಗೆ ಆಸ್ಪತ್ರೆಯಲ್ಲೂ ಕೆಲಸ ಮಾಡಿ, ಕೊನೆಗೆ ಕಾಮಾ ಆಸ್ಪತ್ರೆಗೇ ಬಂದರು. 1928ರಿಂದ 1947ರವರೆಗೆ ಅದರ ಮುಖ್ಯ ವೈದ್ಯಾಧಿಕಾರಿ ಅವರೇ. ಅಕ್ಕನನ್ನು ಉಳಿಸಿದ ಆಸ್ಪತ್ರೆಯ ಹೊಣೆ ತಂಗಿಯ ಕೈಗೆ ಬಂದಿತ್ತು.

ಆದರೆ ಆಸ್ಪತ್ರೆಗೆ ಬಂದವರನ್ನು ಉಳಿಸಿದರೆ ಸಾಕೇ? ಬಾರದೆ ಸತ್ತವರ ಲೆಕ್ಕ ಯಾರಿಡಬೇಕು? ಬಾಣಂತಿ ಸತ್ತರೆ ‘ಅವಳ ಹಣೆಬರಹ’ ಎಂದು ಕೈಚೆಲ್ಲುತ್ತಿದ್ದ ಕಾಲ ಅದು. ಮುಂಬೈಯಲ್ಲಿ ಹೆರಿಗೆಗೆ ಸಂಬಂಧಿಸಿ ತಾಯಂದಿರು ಸಾಯುವುದೇಕೆ ಎಂದು 1937–38ರಲ್ಲಿ ಡಾ. ಝಿರಾದ್ ತನಿಖೆ ಕೈಗೊಂಡರು. ಆ ವರದಿ 1941ರಲ್ಲಿ ಪ್ರಕಟವಾಯಿತು. ತಾಯಿಯ ಸಾವಿಗೆ ಕಾರಣ ಹುಡುಕಬಹುದು, ಹುಡುಕಿದರೆ ತಡೆಯಬಹುದು ಎಂಬ ನಂಬಿಕೆಯ ಕೆಲಸ ಅದು. 1966ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು.

ಡಾಕ್ಟರಿಕೆಯ ಜೊತೆಗೆ ಸಮುದಾಯದ ಕೆಲಸವನ್ನೂ ಅವರು ಬಿಡಲಿಲ್ಲ. 1913ರಲ್ಲಿ ಮುಂಬೈಯಲ್ಲಿ ಹುಟ್ಟಿದ ಬೆನೆ ಇಸ್ರೇಲ್ ‘ಸ್ತ್ರೀ ಮಂಡಲ’ದ ಜೊತೆ ನಿಂತರು. 1925ರಲ್ಲಿ ಯಹೂದಿ ಧಾರ್ಮಿಕ ಒಕ್ಕೂಟ ಕಟ್ಟಿದರು. ಅದರ ಪ್ರಾರ್ಥನೆಯಲ್ಲಿ ಗಂಡಸರು ಹೆಂಗಸರು ಜೊತೆಯಾಗಿ ಕೂರಬಹುದಿತ್ತು. ಸಾಂಪ್ರದಾಯಿಕ ಮಂದಿರಗಳಲ್ಲಿ ಹೆಂಗಸರಿಗೆ ಬೇರೆ ಜಾಗ, ಹೀಬ್ರೂ ತಿಳಿಯದಿದ್ದರೆ ಕೇಳಿಸಿಕೊಂಡದ್ದೂ ಅರ್ಥವಾಗದು. ಆಸ್ಪತ್ರೆಯನ್ನು ಆಳಬಲ್ಲ ಹೆಣ್ಣಿಗೆ ದೇವರ ಮುಂದೆ ಹಿಂದಿನ ಸಾಲೇಕೆ ಎಂಬ ಪ್ರಶ್ನೆ ಅಲ್ಲಿತ್ತು.

ಈ ಸಮುದಾಯದಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ತಿಳಿಯಬಾರದು. ‘ಗೋರಾ’, ‘ಕಾಲಾ’ ಎಂಬ ಮೇಲುಕೀಳು ಅವರಲ್ಲೇ ಇತ್ತು. ಒಬ್ಬರ ಮನೆಗೆ ಇನ್ನೊಬ್ಬರು ಹೆಣ್ಣು ಕೊಡುತ್ತಿರಲಿಲ್ಲ. ಬಾಗ್ದಾದಿನಿಂದ ಬಂದ ಶ್ರೀಮಂತ ಯಹೂದಿಗಳು ಇವರನ್ನೆಲ್ಲ ಒಟ್ಟಾಗಿ ಕೀಳಾಗಿ ಕಂಡು, ಸ್ಮಶಾನದಲ್ಲೂ ಬೇರೆ ಜಾಗ ಬೇಕೆಂದರು. 1948ರ ನಂತರ ಬಹಳ ಮಂದಿ ಇಸ್ರೇಲಿಗೆ ಹೋದಾಗ ಅಲ್ಲೂ ಅವಮಾನ ತಪ್ಪಲಿಲ್ಲ. ಇವರು ನಿಜವಾದ ಯಹೂದಿಗಳೇ ಎಂದು ಶಂಕಿಸಿ, ಬೇರೆ ಯಹೂದಿಗಳೊಡನೆ ಇವರ ಮದುವೆ ನಡೆಸಲು ಧರ್ಮಗುರುಗಳು ತಕರಾರು ತೆಗೆದರು. ಶನಿವಾರ ತೇಲಿಗಳ ಮೊಮ್ಮಕ್ಕಳು ಸುಮ್ಮನಿರಲಿಲ್ಲ. 1964ರಲ್ಲಿ ಜೆರುಸಲೇಮಿನಲ್ಲಿ ಧರಣಿ ಕೂತರು. ಅದೇ ವರ್ಷ ಅಲ್ಲಿನ ಸಂಸತ್ತು, ಬೆನೆ ಇಸ್ರೇಲರು ಎಲ್ಲ ರೀತಿಯಲ್ಲೂ ಸಮಾನ ಯಹೂದಿಗಳು ಎಂದು ಘೋಷಿಸಿತು. ಇಂದಿಗೂ ಅವರಲ್ಲಿ ಹಲವರು ಅಲ್ಲಿ ಮರಾಠಿ ಮಾತಾಡುತ್ತಾರೆ. ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆಯನ್ನೂ ಹೊರತಂದಿದ್ದಾರೆ.

ಹೊರನಾಡಿನಲ್ಲಿ ಬಾಳುವ ನಮಗೆ ಈ ಚರಿತ್ರೆ ತೀರ ಪರಕೀಯವೇನಲ್ಲ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಮುಂಬೈಯ ಕನ್ನಡ ರಾತ್ರಿಶಾಲೆಗಳು ಅಕ್ಷರ ಕಲಿಸಿದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಮಹಿಳಾ ವಿಭಾಗದ ನಾವು ಅರಿಸಿನ ಕುಂಕುಮ, ರಂಗೋಲಿ ಸ್ಪರ್ಧೆಗಳನ್ನು ಸಂತೋಷದಿಂದ ಮಾಡೋಣ. ಅದರ ಜೊತೆಗೆ, ನಮ್ಮ ಮನೆಗಳಿಗೆ ಕೆಲಸಕ್ಕೆ ಬರುವ ಹೆಂಗಸರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ, ನಮ್ಮ ಬಡಾವಣೆಯ ಬಸುರಿಯರಿಗೆ ಸರಿಯಾದ ತಪಾಸಣೆ ಸಿಗುತ್ತಿದೆಯೇ ಎಂದು ಕೇಳಿ ಬರೆದಿಡುವ ಕೆಲಸವನ್ನೂ ನಮ್ಮಲ್ಲಿ ನಾಲ್ಕು ಜನ ಕೈಗೆತ್ತಿಕೊಳ್ಳಬಹುದು. ರೆಬೆಕಾ ಟೀಚರಮ್ಮ ಶಾಲೆಯಲ್ಲಿ, ಶಿವಮೊಗ್ಗೆಯ ಡಾಕ್ಟರಮ್ಮ ಹೆರಿಗೆ ವಾರ್ಡಿನಲ್ಲಿ ಮಾಡಿದ್ದು ಇದನ್ನೇ.