ಬರಿಸ್ತಾ ಅಂದ್ರೆ ಯಾರು? ಕೆಲಸ ಏನು, ಏನೇನು ಗೊತ್ತಿರಬೇಕು?

ಚಿಕ್ಕಮಗಳೂರು: ಕಾಫಿ ಬೆಳೆಯೋ ಜಿಲ್ಲೆ ನಮ್ಮದು. ಆದರೆ ಒಳ್ಳೆ ಬೀಜ ಇದ್ದ ಮಾತ್ರಕ್ಕೆ ಒಳ್ಳೆ ಕಾಫಿ ಸಿಗಲ್ಲ. ತೋಟದಲ್ಲಿ ವರ್ಷವಿಡೀ ಪಟ್ಟ ಶ್ರಮ ಕೌಂಟರ್‌ನಲ್ಲಿ ಅರ್ಧ ನಿಮಿಷದಲ್ಲಿ ಹಾಳಾಗಬಹುದು. ಅದನ್ನು ಉಳಿಸುವವರೇ ಬರಿಸ್ತಾ. ಇದು ಇಟಾಲಿಯನ್ ಪದ. ಎಸ್‌ಪ್ರೆಸ್ಸೊ ಮೆಷಿನ್‌ನಲ್ಲಿ ಕಾಫಿ ಮಾಡಿಕೊಡುವವರಿಗೆ ಈ ಹೆಸರು.

ಪುಡಿ, ನೀರು, ಸಮಯ: ಡಬಲ್ ಎಸ್‌ಪ್ರೆಸ್ಸೊಗೆ ಸಾಮಾನ್ಯವಾಗಿ 18 ಗ್ರಾಂ ಪುಡಿ, 90ರಿಂದ 96 ಡಿಗ್ರಿ ಬಿಸಿನೀರು, ಸುಮಾರು 9 ಬಾರ್ ಒತ್ತಡ ಬೇಕು. 25-30 ಸೆಕೆಂಡ್‌ನಲ್ಲಿ ಸುಮಾರು 36 ಗ್ರಾಂ ಕಾಫಿ ಇಳಿಯಬೇಕು. ಬೇಗ ಇಳಿದರೆ ಹುಳಿ, ತಡವಾದರೆ ಕಹಿ. ಬೇಗ ಇಳಿದರೆ ಪುಡಿ ಇನ್ನಷ್ಟು ನುಣ್ಣಗೆ, ತಡವಾದರೆ ಸ್ವಲ್ಪ ತರಿಯಾಗಿ ಬೀಸಬೇಕು. ಮಳೆಗಾಲದ ತೇವಕ್ಕೂ ಇದು ಬದಲಾಗುತ್ತೆ. ಅದಕ್ಕೇ ಅಂಗಡಿ ತೆರೆದ ಕೂಡಲೇ ಮೊದಲ ಕಪ್ ರುಚಿ ನೋಡಿ ಗ್ರೈಂಡರ್ ಹೊಂದಿಸುತ್ತಾರೆ.

ಹಾಲು: ಕ್ಯಾಪುಚಿನೊ, ಲಾಟೆಗೆ ಹಾಲು 60-65 ಡಿಗ್ರಿ ಬಿಸಿಯಾದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಸಿಹಿ ಹೋಗಿ ಬೆಂದ ವಾಸನೆ ಬರುತ್ತೆ. ನಮ್ಮ ಫಿಲ್ಟರ್ ಕಾಫಿ ಲೆಕ್ಕವೇ ಬೇರೆ: ಡಿಕಾಕ್ಷನ್ ನಿಧಾನವಾಗಿ ಇಳಿಯಬೇಕು, ಹಾಲು ಕುದಿ ಬಂದಿರಬೇಕು.

ಸ್ವಚ್ಛತೆ: ಪ್ರತಿ ಸಲ ಹಾಲು ಕಾಯಿಸಿದ ಮೇಲೆ ಸ್ಟೀಮ್ ನಳಿಗೆ ಒರೆಸಲೇಬೇಕು. ಮೆಷಿನ್‌ನಲ್ಲಿ ಹಳೆ ಕಾಫಿ ಎಣ್ಣೆ ಉಳಿದರೆ ಹೊಸ ಕಾಫಿಯೂ ಕೆಡುತ್ತೆ.

ಕಲಿಯೋದು ಎಲ್ಲಿ?: ಬೆಂಗಳೂರಿನ ಕಾಫಿ ಮಂಡಳಿ ‘ಕಾಪಿ ಶಾಸ್ತ್ರ’ ಹೆಸರಿನಲ್ಲಿ ಹುರಿಯುವುದು, ಕಾಫಿ ತಯಾರಿಸುವುದರ ತರಬೇತಿ ಕೊಡುತ್ತದೆ. ದಿನವಿಡೀ ನಿಂತು ಮಾಡುವ ಕೆಲಸ ಇದು. ರುಚಿ ಹಿಡಿಯುವ ನಾಲಿಗೆ, ಗ್ರಾಹಕರ ಜೊತೆ ತಾಳ್ಮೆ ಎರಡೂ ಇರಬೇಕು. ಬೀಜ ಯಾವ ತೋಟದ್ದು, ಅರೇಬಿಕಾನೋ ರೊಬಸ್ಟಾನೋ ಅಂತ ಹೇಳಬಲ್ಲ ಮಲೆನಾಡಿನ ಹುಡುಗ-ಹುಡುಗಿಯರಿಗೆ ಇಲ್ಲಿ ಅರ್ಧ ಪಾಠ ಮನೆಯಲ್ಲೇ ಆಗಿರುತ್ತೆ.