ಮೊಬೈಲು ಕೊಂದದ್ದು ವಾಚನ್ನಲ್ಲ

"ಮೊಬೈಲು ಬಂತು, ವಾಚು ಸತ್ತಿತು" ಅನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ನಮ್ಮ ಎಚ್‌ಎಂಟಿ ಮುಚ್ಚಿದ್ದಕ್ಕೂ ಅದೇ ಕಾರಣ ಅಂತ ಇಲ್ಲಿ ಮುಂಬಯಿಯ ಕನ್ನಡ ಕೂಟಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಬ್ಯಾಂಕಿನವನಾದ ನನಗೊಂದು ಚಾಳಿ ಇದೆ. ಯಾರಾದರೂ ನಷ್ಟಕ್ಕೆ ಕಾರಣ ಹೇಳಿದರೆ ಮೊದಲು ತಾರೀಕು ನೋಡುತ್ತೇನೆ. ಹಾಗೆ ತಾರೀಕುಗಳನ್ನು ಜೋಡಿಸಿ ನೋಡಿದರೆ ಈ ಲೆಕ್ಕ ತಾಳೆಯಾಗುವುದಿಲ್ಲ.

ಸ್ವಲ್ಪ ಹಿಂದಿನಿಂದ ಶುರು ಮಾಡೋಣ.

ಗಡಿಯಾರ ಅನ್ನುವ ಪದದ ಹಿಂದೆ ಇರುವುದೇ ನಮ್ಮ ಗಳಿಗೆ. ದಿನಕ್ಕೆ 60 ಗಳಿಗೆ, ಒಂದು ಗಳಿಗೆಗೆ 24 ನಿಮಿಷ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ಮುಳುಗಿದರೆ ಒಂದು ಗಳಿಗೆ ಆಯಿತು ಅಂತ ಲೆಕ್ಕ. ಮದುವೆ ಮುಹೂರ್ತವನ್ನೂ ಹೀಗೇ ನೋಡುತ್ತಿದ್ದರು. ಆಗ ಹೊತ್ತು ಊರಿನದು. ಯಾರೊಬ್ಬರ ಸ್ವಂತದ್ದೂ ಅಲ್ಲ.

ಆಮೇಲೆ ಹೊತ್ತು ಗೋಪುರ ಹತ್ತಿತು. ಮುಂಬಯಿ ಯೂನಿವರ್ಸಿಟಿಯ ರಾಜಾಬಾಯಿ ಟವರ್ ನೋಡದ ಮುಂಬಯಿಕರ್ ಯಾರಿದ್ದಾರೆ? ಪ್ರೇಮ್‌ಚಂದ್ ರಾಯ್‌ಚಂದ್ ಅನ್ನುವ ಹತ್ತಿ ವ್ಯಾಪಾರಿ ಹಣ ಕೊಟ್ಟು, ತನ್ನ ತಾಯಿಯ ಹೆಸರಿಡಿಸಿದ ಗೋಪುರ ಅದು. 1878ರಲ್ಲಿ ಮುಗಿಯಿತು. ಆ ಕಾಲದಲ್ಲಿ ಈ ಊರಿಗೆ ತನ್ನದೇ ಹೊತ್ತಿತ್ತು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. 1906ರ ಜನವರಿ 1ರಿಂದ ಇಡೀ ದೇಶಕ್ಕೆ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿನ ಸ್ಟಾಂಡರ್ಡ್ ಟೈಮ್ ಬಂದಾಗ ಬಾಂಬೆ ಟೈಮ್ ಅದಕ್ಕಿಂತ 39 ನಿಮಿಷ ಹಿಂದಿತ್ತು. ಗಿರಣಿ ಕೆಲಸಗಾರರಿಂದ ಹಿಡಿದು ನಗರಸಭೆಯವರೆಗೆ ವಿರೋಧ ಎದ್ದಿತು. ಯಾಕಿರಬಾರದು ಹೇಳಿ? 39 ನಿಮಿಷ ಬೇಗ ಏಳಬೇಕಾದವರು ಅವರೇ ತಾನೆ! ಆ ಬಾಂಬೆ ಟೈಮ್ ಒಂದಲ್ಲ ಒಂದು ರೀತಿಯಲ್ಲಿ 1955ರವರೆಗೂ ಉಳಿದಿತ್ತು. ಗೋಪುರದ ಮುಳ್ಳು, ಗಿರಣಿಯ ಭೋಂಗಾ, ಸ್ಟೇಷನ್ನಿನ ಗಡಿಯಾರ... ಇವುಗಳನ್ನು ಇಟ್ಟುಕೊಂಡವರು ಹೇಳಿದ್ದೇ ಹೊತ್ತು. ಕೂಲಿಯವನು ಮಾಡಿದ್ದು ಹತ್ತು ಗಂಟೆ ಕೆಲಸವೋ ಹನ್ನೊಂದು ಗಂಟೆಯೋ ಅಂತ ಅವನಿಗೇ ನೋಡಿಕೊಳ್ಳಲು ದಾರಿ ಇರಲಿಲ್ಲ.

ಇನ್ನು ಮಣಿಕಟ್ಟಿನ ವಾಚು. ಅದು ಹುಟ್ಟಿದ್ದೇ ಒಡವೆಯಾಗಿ. ಸ್ವಿಸ್ ಕಂಪನಿ ಪಾಟೆಕ್ ಫಿಲಿಪ್ 1868ರಲ್ಲಿ ಹಂಗೇರಿಯ ಸಿರಿವಂತ ಹೆಂಗಸೊಬ್ಬಳಿಗೆ ಬಳೆಯಂಥ ವಾಚು ಮಾಡಿಕೊಟ್ಟಿತು. ಗಂಡಸರು ಜೇಬಿನ ಗಡಿಯಾರ ಬಿಟ್ಟು ಇದನ್ನು ಕಟ್ಟಿಕೊಳ್ಳಲು ನಾಚುತ್ತಿದ್ದರು. ಆ ನಾಚಿಕೆ ಬಿಡಿಸಿದ್ದು 1914ರ ಮಹಾಯುದ್ಧ. ಕಂದಕದಲ್ಲಿ ಬಂದೂಕು ಹಿಡಿದವನು ಜೇಬಿಗೆ ಕೈ ಹಾಕುತ್ತ ಕೂರಲು ಆಗುತ್ತದೆಯೇ? ಒಡವೆ ಹೀಗೆ ಉಪಕರಣವಾಯಿತು.

ನಮ್ಮಲ್ಲಿ ಆ ಉಪಕರಣ ಸಂಬಳದಾರನ ಕೈಗೆ ಬಂದದ್ದು ಬೆಂಗಳೂರಿನಿಂದ. ಎಚ್‌ಎಂಟಿ 1953ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದದ್ದು ವಾಚಿಗಲ್ಲ, ಯಂತ್ರ ಮಾಡುವ ಯಂತ್ರಗಳಿಗೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ವಾಚಿನ ಕಾರ್ಖಾನೆ ಹಾಕಿದರು. ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದವರು ನೆಹರೂ. ಆಮೇಲೆ ಶ್ರೀನಗರ, 1978ರಲ್ಲಿ ನಮ್ಮ ತುಮಕೂರು, ಮುಂದೆ ರಾಣಿಬಾಗ್. ಮಾಡೆಲ್‌ಗಳ ಹೆಸರು ನೋಡಿ: ಜನತಾ, ಜವಾನ್, ಪೈಲಟ್, ಸೋನಾ, ಕಾಂಚನ್, ಕೋಹಿನೂರ್. ಕುರುಡರು ಬೆರಳಾಡಿಸಿ ನೋಡುವ ಬ್ರೈಲ್ ವಾಚೂ ಇತ್ತು. ಒಟ್ಟು ಹತ್ತು ಕೋಟಿಗೂ ಮೀರಿ ವಾಚು ಮಾಡಿದ ಸಂಸ್ಥೆ ಅದು. ಆ ದಿನಗಳಲ್ಲಿ ಬೇಡಿಕೆಯಷ್ಟು ಮಾಲು ಸಿಗುತ್ತಿರಲಿಲ್ಲ. ದುಡ್ಡಿದ್ದವರಿಗೆ ಈ ಮುಂಬಯಿಯಲ್ಲಿ ಕಳ್ಳಸಾಗಣೆಯ ಫಾರಿನ್ ವಾಚು, ಉಳಿದವರಿಗೆ ಎಚ್‌ಎಂಟಿಯೊಂದೇ.

ನಮ್ಮ ದೊಡ್ಡಪ್ಪ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಕಪ್ಪು ಬಸಿ ಎತ್ತುತ್ತ, ರಾತ್ರಿ ಶಾಲೆಗೆ ಹೋಗಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ಸಂಬಳ ಕೂಡಿಸಿ ಅವರು ಈ ಊರಲ್ಲಿ ಕೊಂಡ ಮೊದಲ ಸ್ವಂತ ವಸ್ತು ಒಂದು ಜನತಾ ವಾಚು. "ಅಲ್ಲಿಯವರೆಗೆ ಗಲ್ಲೆಯ ಮೇಲಿದ್ದ ಗಡಿಯಾರ ಧಣಿಗಳದ್ದು ಮಾರಾಯ, ಶಾಲೆಗೆ ಹೊತ್ತಾಯಿತೋ ಇಲ್ಲವೋ ಅಂತ ಅವರನ್ನೇ ಕೇಳಬೇಕಿತ್ತು" ಅನ್ನುತ್ತಿದ್ದರು. ಈ ಒಂದು ಮಾತಿನಲ್ಲಿ ಎಚ್‌ಎಂಟಿಯ ಇಡೀ ಚರಿತ್ರೆ ಇದೆ ಅಂತ ನನಗನಿಸುತ್ತದೆ.

ಈಗ ತಾರೀಕುಗಳಿಗೆ ಬರೋಣ.

1969ರ ಡಿಸೆಂಬರ್ 25ರಂದು ಜಪಾನಿನ ಸೀಕೋ ಕಂಪನಿ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕೆ ಇಟ್ಟಿತು. ಕೀ ಕೊಡುವ ಜನತಾ ವಾಚಿನ ಚಕ್ರ ಸೆಕೆಂಡಿಗೆ 5 ಸಲ ಟಿಕ್ ಅನ್ನುತ್ತದೆ. ಇಂದಿನ ಸಾಮಾನ್ಯ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಎಷ್ಟು ಸಣ್ಣದಾಗಿ ಎಣಿಸುತ್ತೀರೋ ಲೆಕ್ಕ ಅಷ್ಟು ಸರಿ. ಮೊದಲನೆಯದನ್ನು ರೇಡಿಯೊ ವಾರ್ತೆಯ ಮುಂಚೆ ಬರುವ ಪಿಪ್ ಪಿಪ್‌ಗೆ ಆಗಾಗ ಸರಿಮಾಡಿಕೊಳ್ಳಬೇಕಿತ್ತು. ಎರಡನೆಯದಕ್ಕೆ ಸೆಲ್ಲು ಹಾಕಿ ಮರೆತುಬಿಡಬಹುದು. ಸ್ವಿಟ್ಜರ್‌ಲ್ಯಾಂಡಿನಲ್ಲಿ 1970ರಲ್ಲಿ ಸುಮಾರು 90 ಸಾವಿರ ಜನರಿಗೆ ಅನ್ನ ಕೊಡುತ್ತಿದ್ದ ವಾಚಿನ ಉದ್ಯಮ 1980ರ ದಶಕ ಮುಗಿಯುವ ಹೊತ್ತಿಗೆ 30 ಸಾವಿರದ ಆಸುಪಾಸಿಗೆ ಇಳಿಯಿತು. ಆಗ ಮೊಬೈಲ್ ಎಲ್ಲಿತ್ತು?

ಎಚ್‌ಎಂಟಿಗೆ ಕ್ವಾರ್ಟ್ಜ್ ಗೊತ್ತಿರಲಿಲ್ಲ ಅಂತಲ್ಲ. 1981ರಲ್ಲೇ ಕ್ವಾರ್ಟ್ಜ್ ವಾಚು ತಂದಿತ್ತು. ಆದರೆ ಒತ್ತೆಲ್ಲ ಕೀ ಕೊಡುವ ವಾಚಿನ ಮೇಲೇ ಉಳಿಯಿತು. ಅಷ್ಟರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡು ಸರಕಾರದ ನಿಗಮವೂ ಸೇರಿ 1984ರಲ್ಲಿ ಟೈಟನ್ ಕಟ್ಟಿದವು. ಕಾರ್ಖಾನೆ ನಮ್ಮ ಗಡಿಯಿಂದ ಕೂಗಳತೆಯ ಹೊಸೂರಿನಲ್ಲಿ. 1987ರಲ್ಲಿ ಮಾಲು ಪೇಟೆಗೆ ಬಂತು. ಅದರ ಮುಖ್ಯಸ್ಥ ಝರ್ಕ್ಸಿಸ್ ದೇಸಾಯಿ ಹಿಡಿದ ದಾರಿಯೇ ಬೇರೆ. ಎಲ್ಲಾ ಕ್ವಾರ್ಟ್ಜ್, ಥಳಥಳಿಸುವ ಶೋರೂಮು, ಟೀವಿ ಜಾಹೀರಾತಿನಲ್ಲಿ ಮೊಜಾರ್ಟ್‌ನ ಸಂಗೀತ, ಮತ್ತು ಉಡುಗೊರೆ ಕೊಡಿ ಅನ್ನುವ ಮಾತು. ಎಚ್‌ಎಂಟಿ ಮಾರುತ್ತಿದ್ದದ್ದು ಹೊತ್ತು. ಟೈಟನ್ ಮಾರಿದ್ದು ಮಣಿಕಟ್ಟಿನ ಚಂದ. ಯಂತ್ರ ಮಾಡುವವರಿಗೆ ಇದು ತಿಳಿಯುವುದು ಕಷ್ಟ.

ಭಾರತದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ಕ್ಕೆ. ಆಗ ನಮಗೆ ಬರುವ ಕರೆಗೂ ನಾವೇ ದುಡ್ಡು ಕೊಡಬೇಕಿತ್ತು. ಅದು ತಪ್ಪಿದ್ದು 2003ರಲ್ಲಿ, ಮೊಬೈಲು ಎಲ್ಲರ ಕೈಗೆ ಬಂದದ್ದು ಅದರ ನಂತರ. ಎಚ್‌ಎಂಟಿ ವಾಚಿನ ವಿಭಾಗವನ್ನು 2000ದಲ್ಲೇ ಪ್ರತ್ಯೇಕ ಕಂಪನಿ ಮಾಡಿ ಉಳಿಸಲು ನೋಡಿದ್ದರು. ಅಂದರೆ ರೋಗ ಅದಕ್ಕೂ ಹಳೆಯದು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಮುಚ್ಚುವ ತೀರ್ಮಾನ ಮಾಡಿ, ಎಚ್‌ಎಂಟಿಯ ಮೂರು ಕಂಪನಿಗಳ ನೌಕರರ ಲೆಕ್ಕ ಚುಕ್ತಾ ಮಾಡಲು ಸುಮಾರು 427 ಕೋಟಿ ರೂಪಾಯಿ ಕೊಟ್ಟಿತು. ಝರ್ಕ್ಸಿಸ್ ದೇಸಾಯಿ ತೀರಿಕೊಂಡದ್ದೂ ಅದೇ ವರ್ಷ. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೊಗೆ ಹೋಯಿತು.

ಹಾಗಾದರೆ ಮೊಬೈಲು ಏನೂ ಮಾಡಲಿಲ್ಲವೇ? ಮಾಡಿತು. ಎಚ್‌ಎಂಟಿ ಹಿಡಿದ ಕೆಲಸವನ್ನು ಅದು ಮುಗಿಸಿತು! ಹೊತ್ತು ಎಲ್ಲರ ಕೈಯಲ್ಲೂ ಇರಬೇಕು ಅನ್ನುವುದೇ ಜನತಾ ವಾಚಿನ ಆಸೆ ತಾನೆ? ಈಗ ತರಕಾರಿ ಮಾರುವ ಬಾಯಿಯ ಫೋನಿನಲ್ಲೂ ನಮ್ಮ ಚೇರ್ಮನ್ನರ ಫೋನಿನಲ್ಲೂ ಒಂದೇ ಸೆಕೆಂಡು. ಅದನ್ನು ಸರಿಮಾಡುವ ಕೆಲಸ ನೆಟ್‌ವರ್ಕಿನದು. ಹೊತ್ತು ಪುಕ್ಕಟೆ, ಅದರಲ್ಲಿ ಬಡವ ಬಲ್ಲಿದ ಭೇದವಿಲ್ಲ. ನಮ್ಮ ಬ್ಯಾಂಕಿನಲ್ಲೂ ಗಡಿಯಾರದ ಗತ್ತು ಹೋಯಿತು. ಸಂಜೆಯ ಗಡುವಿನೊಳಗೆ ಆರ್‌ಟಿಜಿಎಸ್ ಕಳಿಸಲು ಗೋಡೆ ನೋಡಿ ಬೆವರುತ್ತಿದ್ದೆವು. 2019ರ ಡಿಸೆಂಬರ್‌ನಲ್ಲಿ ನೆಫ್ಟ್, 2020ರ ಡಿಸೆಂಬರ್‌ನಲ್ಲಿ ಆರ್‌ಟಿಜಿಎಸ್ ದಿನದ 24 ಗಂಟೆಯೂ ನಡೆಯುವಂತಾದವು.

ಕೆಲಸ ಕಳೆದುಕೊಂಡ ವಾಚು ತನ್ನ ತವರಿಗೆ, ಅಂದರೆ ಒಡವೆಯ ಪೆಟ್ಟಿಗೆಗೆ ಮರಳಿದೆ. ಟೈಟನ್ ಕಂಪನಿಯನ್ನೇ ನೋಡಿ. ವಾಚಿನಿಂದ ಶುರುವಾದದ್ದು, ಇಂದು ಅದರ ಆದಾಯದ ಮುಕ್ಕಾಲಿಗೂ ಮೀರಿದ ಪಾಲು ತನಿಷ್ಕ್‌ನಂಥ ಆಭರಣದ್ದು. ಸ್ವಿಸ್ಸರೂ ಕೀ ಕೊಡುವ ವಾಚನ್ನು ಲಕ್ಷಗಟ್ಟಲೆ ಬೆಲೆಯ ಆಭರಣ ಮಾಡಿಯೇ ಬದುಕಿದರು.

ಇಲ್ಲಿ ನನಗೊಂದು ಬೇಸರವಿದೆ. ಒಂದು ಕಾಲಕ್ಕೆ ಮೇಲು ಕೀಳು ಅಳಿಸಿದ ವಸ್ತು ಈಗ ಅದನ್ನೇ ತೋರಿಸುವ ವಸ್ತುವಾಗಿದೆ. ಮೀಟಿಂಗುಗಳಲ್ಲಿ ಎದುರಿನವರ ಮುಖಕ್ಕಿಂತ ಮುಂಚೆ ಮಣಿಕಟ್ಟು ನೋಡುವವರಿದ್ದಾರೆ. ಹೊತ್ತು ತಿಳಿಯಲಿಕ್ಕಲ್ಲ, ತೂಕ ಅಳೆಯಲಿಕ್ಕೆ.

ಆದರೂ ವಾಚು ಬೇಡವೆನ್ನಲಾರೆ. ವಿರಾರ್ ಫಾಸ್ಟಿನಲ್ಲಿ ಜೇಬಿಗೆ ಕೈ ಹಾಕಲಾಗದ ನೂಕುನುಗ್ಗಲಿನಲ್ಲಿ, ಮೇಲಿನ ಹಿಡಿ ಹಿಡಿದ ಮಣಿಕಟ್ಟು ಹೊತ್ತು ಹೇಳುತ್ತದೆ. ನಾಡಿ ಎಣಿಸುವ ನರ್ಸಮ್ಮನಿಗೆ ಸೆಕೆಂಡಿನ ಮುಳ್ಳು ಬೇಕು. ಎಲ್ಲಕ್ಕಿಂತ ದೊಡ್ಡ ಮಾತು, ವಾಚು ಹೊತ್ತು ಹೇಳಿ ಸುಮ್ಮನಾಗುತ್ತದೆ. ಫೋನಿನಲ್ಲಿ ಗಂಟೆ ನೋಡಲು ಹೋದವನು ನಾಲ್ಕು ಮೆಸೇಜು, ಎರಡು ವೀಡಿಯೊ ನೋಡಿ, ಗಂಟೆ ಎಷ್ಟು ಅನ್ನುವುದನ್ನೇ ಮರೆತು ಜೇಬಿಗಿಡುತ್ತಾನೆ. ಧಣಿಗಳ ಗಲ್ಲೆಯ ಗಡಿಯಾರ ಹೋಯಿತು ನಿಜ. ಆದರೆ ನಮ್ಮ ಹೊತ್ತು ಈಗ ಬೇರೆ ಧಣಿಗಳ ಕೈಗೆ ಸೇರುತ್ತಿದೆಯೋ ಏನೋ, ನೀವೇ ಯೋಚಿಸಿ.

ನಿಮ್ಮ ಮನೆಯ ಕಪಾಟಿನಲ್ಲೂ ಒಂದು ಹಳೆಯ ಎಚ್‌ಎಂಟಿ ಇದ್ದೀತು. ತೆಗೆದು ಕೀ ಕೊಟ್ಟು ನೋಡಿ. ನಡೆದರೆ ಮಕ್ಕಳಿಗೆ ತೋರಿಸಿ, ಅದನ್ನು ಕೊಂಡವರು ಯಾರು, ಯಾವ ಸಂಬಳದಲ್ಲಿ ಕೊಂಡರು ಅನ್ನುವುದನ್ನೂ ಹೇಳಿ.